ಹದಿನೇಳನೇ ಫರ್ಸಿ

ಮೊನ್ನೆ ಬೆಳಗ್ಗೆ ಅಫ್ರೀನ್ ಫೋನ್ ಮಾಡಿದಳು. ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಬಂದ ಹುಡುಗಿ ಅವಳು. ಸೇಡಂ ಹತ್ತಿರದ ಒಂದು ಸಸ್ಯಕ್ಷೇತ್ರದಲ್ಲಿ ಗಿಡಮರಗಳ, ತೋಟಗಳ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವುದು ಅವಳ ಕೆಲಸ.

“ಮೇಡಂ, ಡಿಸ್ಕ್ ತುಂಬ್ಯಾದ್ರಿ. ‘ಬೇಡದವು’ ಅಂತ ನೀವೊಂದು ಫೋಲ್ಡರ್ ಮಾಡೀರಿ. ನಾಕ್ ಸಾವಿರದ ಮ್ಯಾಲ ಫೋಟೋ ಅವ ಅದರಾಗ. ಹೆಸರೇ ಬೇಡದವು ಅಂತ ಅದ, ತೆಗೆದುಬಿಡ್ಲೇನ್ರಿ?”

“ಅದಕ್ಕ ಕೈ ಹಚ್ಚಿದ್ರ ನೋಡು, ಈಗಿಂದೀಗ ಬಸ್ ಹತ್ತಿ ಅಲ್ಲೇ ಬರ್ತೀನಿ” ಎಂದೆ.

ಹುಡುಗಿ ನಕ್ಕಳು. ನಾನು ನಗಲಿಲ್ಲ. ಅವಳದೇನೂ ತಪ್ಪಿಲ್ಲ, ಆ ಹೆಸರು ಇಟ್ಟವಳು ನಾನೇ. ಆದರೆ ಆ ಫೋಲ್ಡರ್ ಯಾಕೆ ಉಳಿಯಬೇಕು ಎಂಬುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಅವಳಿಗೂ ಅವಳ ಹಿಂದೆ ಬರುವವರಿಗೂ.

ನಾನು ಬೆರಳಚ್ಚು ಮಾಡಲು ಸೇರಿದವಳು. ಯಾವಾಗ ಏನಾದೆ, ಯಾವ ಪದನಾಮ ಸಿಕ್ಕಿತು ಎಂಬ ಪುರಾಣ ಬೇಡ. ಒಂದು ದಿನ ಕಚೇರಿಗೆ ಡಿಜಿಟಲ್ ಕ್ಯಾಮೆರಾ ಬಂತು, ಬಂದದ್ದೇ ಕಪಾಟಿಗೆ ಹೋಯಿತು. ಕೆಟ್ಟೀತು ಎಂದು ಆಗಿನ ಸಾಹೇಬರು ಬೀಗ ಹಾಕಿ ಕೀಲಿ ಜೇಬಿನಲ್ಲಿ ಇಟ್ಟುಕೊಂಡರು. ಮಾವು ಹೂ ಬಿಟ್ಟಾಗ ಸಾಹೇಬರು ಕಲಬುರಗಿಯಲ್ಲಿ ಮೀಟಿಂಗಿಗೆ ಹೋಗಿರುತ್ತಿದ್ದರು, ಅವರು ಬರುವಷ್ಟರಲ್ಲಿ ಹೂ ಉದುರಿರುತ್ತಿತ್ತು. ಎರಡು ವರ್ಷ ನಮ್ಮ ಸಂಗ್ರಹದಲ್ಲಿ ಹೂವಿನ ಫೋಟೋ ಎಂದರೆ ಕಚೇರಿ ಮುಂದಿನ ದಾಸವಾಳದ್ದು ಒಂದೇ. ಅದು ಸಾಹೇಬರ ಪ್ರವಾಸ ನೋಡದೆ ದಿನಾ ಬಿಡುತ್ತಿತ್ತು.

ಕೊನೆಗೆ ಕೀಲಿ ನನ್ನ ಕೈಗೆ ಬಂತು. ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸುವುದು ಕಚೇರಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ನನಗೂ ಸೇರಿ. ನಾನು ಬರುತ್ತದೆ ಎಂದುಬಿಟ್ಟೆ. ಹಾಗೆ ಹೇಳಿದ ಮೇಲೆ ಕಲಿಯಲೇಬೇಕಾಯಿತು. ಕ್ಯಾಮೆರಾ ತಾನೇ ಒಂದು ನಂಬರ್ ಕೊಡುತ್ತದೆ, ಆ ನಂಬರಿನಿಂದ ಗಿಡ ತಿಳಿಯುವುದಿಲ್ಲ. ಪ್ರತಿಯೊಂದಕ್ಕೂ ಊರು, ಗಿಡ, ತಿಂಗಳು ಎಂದು ಕೂತು ಹೆಸರು ಬಡಿದೆ. ಶಹಾಬಾದಿನ ಮನೆಗಳ ಮಾಳಿಗೆ ಮೇಲಿನ ಕುಂಡಗಳು, ಚಿತ್ತಾಪುರದ ಶಾಲೆಗಳ ಕೈತೋಟ, ಚಿಂಚೋಳಿ ಕಾಡಂಚಿನ ಮರಗಳು ಎಲ್ಲವೂ ಬಂದವು. ಈ ಕೆಲಸ ನನಗೆ ಒಗ್ಗಿತು. ಯಾವ ಫೋಟೋ ಕೇಳಿದರೂ ಚಹಾ ಆರುವುದರೊಳಗೆ ತೆಗೆದು ತೋರಿಸುತ್ತಿದ್ದೆ, ಅದು ಎಲ್ಲರಿಗೂ ಗೊತ್ತಿರಲಿ ಎಂದೂ ನೋಡಿಕೊಳ್ಳುತ್ತಿದ್ದೆ.

ತಪ್ಪುಗಳೂ ಆದವು. ಮೊಬೈಲ್ ಬಂದ ಮೇಲೆ ಎಲ್ಲರೂ ಫೋಟೋ ಕಳಿಸತೊಡಗಿದರು. ತೋಟದ ಫೋಟೋಗಳ ನಡುವೆ ಬೆಳಗಿನ ಶುಭಾಶಯದ ಗುಲಾಬಿಗಳೂ ಬರುತ್ತಿದ್ದವು. ಒಂದು ವರ್ಷದ ವರದಿಯಲ್ಲಿ ಅಂಥದ್ದೊಂದು ಗುಲಾಬಿಯನ್ನು ನಮ್ಮ ಸಸ್ಯಕ್ಷೇತ್ರದ್ದೇ ಎಂದು ಹಾಕಿಬಿಟ್ಟೆ. ಎಲೆ ಮೇಲೆ ಇಬ್ಬನಿ, ಹಿಂದೆ ಮಂಜು. ನಮ್ಮ ಸೇಡಂನಲ್ಲಿ ಮಂಜು ಎಲ್ಲಿಂದ ಬರಬೇಕು? ಮೇಲಿನವರು ಮೆಚ್ಚಿ ಆ ಗಿಡದ ಐವತ್ತು ಸಸಿ ಕಳಿಸಿ ಎಂದು ಬರೆದರು. “ಗಿಡ ಒಣಗಿದೆ” ಎಂದು ಉತ್ತರ ಬರೆದು ಪಾರಾದೆ.

ವಾಡಿಯ ಒಂದು ಉದ್ಯಾನದ ಫೋಟೋಗಳನ್ನು ಬೇಸಿಗೆಯಲ್ಲಿ ತೆಗೆದು ಕಳಿಸಿದಾಗ, ಎಲೆಗಳೆಲ್ಲ ಬೂದಿ ಬಣ್ಣಕ್ಕಿವೆ, ಇದು ಇಂಥ ರೋಗ, ಇಂಥ ಔಷಧಿ ಹೊಡೆಯಿರಿ ಎಂದು ಪತ್ರ ಬಂತು. ರೋಗವಲ್ಲ, ದಾರಿಯ ಧೂಳು. ಒದ್ದೆ ಬಟ್ಟೆಯಿಂದ ಒಂದು ಎಲೆ ಒರೆಸಿ, ಒರೆಸದ ಎಲೆಯ ಪಕ್ಕ ಇಟ್ಟು ಇನ್ನೊಂದು ಫೋಟೋ ಕಳಿಸಿದೆ. ಅಂದಿನಿಂದ ವಾಡಿಗೆ ಹೋಗುವುದು ಮೊದಲ ಮಳೆ ಬಿದ್ದ ಮೇಲೆಯೇ ಎಂದು ನಿಯಮ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ.

ಆಮೇಲೆ ಬಂದ ಸಾಹೇಬರು ಬಲು ಶಿಸ್ತಿನವರು, ಕೆಟ್ಟವರಲ್ಲ. ಬಂದ ವಾರವೇ ನನ್ನ ಪಕ್ಕ ಕೂತು ಸಂಗ್ರಹವೆಲ್ಲ ನೋಡಿದರು. “ಏನ್ರೀ ಇದು, ಮಾವಿನ ಗಿಡದಾಗ ಮಾಲಿ ನಿಂತಾನ, ಹಿಂದ ನೀರಿನ ಟಾಕಿ, ಯಾರದೋ ಆಡು. ಇದು ಗಿಡದ ಫೋಟೋನೋ ಲಗ್ನದ ಫೋಟೋನೋ?” ಎಂದರು. ಇನ್ನು ಮುಂದೆ ಎಲೆ, ಹೂ, ಕಾಯಿ ಇಷ್ಟೇ ಇರಬೇಕು, ಹಿಂದೆ ಬಿಳಿ ಬಟ್ಟೆ ಹಿಡಿಯಬೇಕು, ಮನುಷ್ಯರಿದ್ದ ಹಳೆಯ ಫೋಟೋಗಳನ್ನೆಲ್ಲ ತೆಗೆದುಹಾಕಬೇಕು ಎಂದು ಅಪ್ಪಣೆ ಆಯಿತು. ನನಗೂ ಸರಿಯೆನಿಸಿತು. ಬಿಳಿ ಬಟ್ಟೆಯ ಮುಂದೆ ಎಲೆ ಎಷ್ಟು ಚೆಂದ ಕಾಣುತ್ತದೆ ಎಂದರೆ ನಾನೇ ಮರುಳಾದೆ. ತೆಗೆದುಹಾಕುವ ಬದಲು ಮಾತ್ರ ಎಲ್ಲವನ್ನೂ ಒಂದು ಫೋಲ್ಡರಿಗೆ ತಳ್ಳಿ ‘ಬೇಡದವು’ ಎಂದು ಹೆಸರಿಟ್ಟೆ. ದೂರದೃಷ್ಟಿ ಏನೂ ಅಲ್ಲ, ಒಂದೊಂದಾಗಿ ಅಳಿಸಲು ಬೇಜಾರು.

ಬಿಳಿ ಬಟ್ಟೆ ಹಿಡಿಯುತ್ತಿದ್ದವರು ಮೌಲಾ ಚಾಚಾ. ನಮ್ಮ ಹಿರಿಯ ಮಾಲಿ. ಅವರ ತಂದೆಯೂ ಅಲ್ಲೇ ಮಾಲಿಯಾಗಿದ್ದವರು. ಕಚೇರಿಯಲ್ಲಿ ಎಲ್ಲರಿಗೂ ನಾನು ಮೇಡಂ, ಚಾಚಾ ಒಬ್ಬರೇ ‘ಅಕ್ಕಾರ’ ಎನ್ನುತ್ತಿದ್ದರು. ನನಗಿಂತ ಹಿರಿಯರು ಹಾಗೆ ಕರೆದಾಗ ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಅದಿಲ್ಲದಿದ್ದರೆ ಬೆಳಗು ಶುರುವಾದಂತೆ ಅನಿಸುತ್ತಿರಲಿಲ್ಲ.

ಸಸ್ಯಕ್ಷೇತ್ರದಲ್ಲಿ ಬಾವಿಯಿಂದ ಗೇಟಿನವರೆಗೆ ಒಂದೇ ಸಾಲಿನಲ್ಲಿ ಇಪ್ಪತ್ತು ಮಾವಿನ ಮರಗಳಿದ್ದವು. ಕಸಿ ಕಟ್ಟಲು ಕಡ್ಡಿ ಕೊಯ್ಯುವ ತಾಯಿಮರಗಳು. ಅವಕ್ಕೆ ನಂಬರ್ ಕಟ್ಟುವುದೇ ಒಂದು ಪಾಡಾಗಿತ್ತು. ಪ್ಲಾಸ್ಟಿಕ್ ಚೀಟಿ ನಮ್ಮ ಬಿಸಿಲಿಗೆ ಪುಡಿಯಾಗುತ್ತಿತ್ತು, ತಗಡನ್ನು ಯಾರೋ ಬಿಚ್ಚಿಕೊಂಡು ಹೋಗುತ್ತಿದ್ದರು. ಶಿಸ್ತಿನ ಸಾಹೇಬರು ಬರುವುದಕ್ಕೂ ಮೊದಲೇ ಇದಕ್ಕೆ ಉಪಾಯ ಹೇಳಿದವಳು ನಾನು. ನಾನು ಶಹಾಬಾದಿನವಳು. ನನ್ನ ಅಪ್ಪ ಕಲ್ಲುಗಣಿಯಲ್ಲಿ ಫರ್ಸಿ ಸೀಳುತ್ತಿದ್ದವರು. ಫರ್ಸಿ ಎಂದರೆ ನಮ್ಮ ಕಡೆ ಎಲ್ಲ ಮನೆಗಳ ನೆಲಕ್ಕೂ ಹಾಸುವ ಬೂದು ಬಣ್ಣದ ಚಪ್ಪಟೆ ಕಲ್ಲು. ಮೊಳದಗಲದ ಇಪ್ಪತ್ತು ಫರ್ಸಿ ತರಿಸಿ, ಬಾವಿ ಕಡೆಯಿಂದ ಒಂದು, ಎರಡು ಎಂದು ಬಣ್ಣದಲ್ಲಿ ಬರೆದು, ಒಂದೊಂದು ಮರದ ಬುಡಕ್ಕೆ ಒಂದೊಂದು ಒರಗಿಸಿದೆವು. ಬಿಸಿಲಿಗೆ ಬಗ್ಗದು, ದನ ತಿನ್ನದು. ಆಗಿನ ಸಾಹೇಬರು ಬೆನ್ನು ತಟ್ಟಿದರು. ಅಪ್ಪನ ಕಲ್ಲು ನನ್ನ ಕಚೇರಿಗೆ ಬಂತು ಎಂದು ಹೆಮ್ಮೆಯಿಂದ ಅಪ್ಪನಿಗೆ ಹೇಳಿದೆ.

ಅಪ್ಪ ಹೆಮ್ಮೆಪಡಲಿಲ್ಲ. “ಫರ್ಸಿ ಒಂದ್ ಕಡಿ ಕುಂದ್ರಂಗಿಲ್ಲವ್ವಾ. ಒಬ್ಬರು ಅರಬಿ ಒಗ್ಯಾಕ ಒಯ್ತಾರ, ಒಬ್ಬರು ಕೊಡ ಇಡಾಕ ಒಯ್ತಾರ” ಎಂದರು. “ಅಪ್ಪಾ, ಅದು ಸರ್ಕಾರಿ ಫರ್ಸಿ” ಎಂದು ಅವರ ಬಾಯಿ ಮುಚ್ಚಿಸಿದೆ.

ಆಮೇಲೆ ಎಲ್ಲ ಫೋಟೋಗಳೂ ಫರ್ಸಿ ನಂಬರಿನ ಮೇಲೆಯೇ ಜೋಡಣೆಯಾದವು. ನಾಲ್ಕನೇ ನಂಬರಿನ ಮರ ಊರಲ್ಲೆಲ್ಲ ಹೆಸರಾದದ್ದು. ಮೌಲಾ ಚಾಚಾನ ತಂದೆ ಗೊರಟೆಯಿಂದ ಎಬ್ಬಿಸಿದ ನಾಟಿ ಮರ. ಹಣ್ಣು ಬರೀ ನಾರು, ಬಾಯಿಗೆ ಇಡುವಂತಿರಲಿಲ್ಲ. ಆದರೆ ಕಾಯಿಯ ಉಪ್ಪಿನಕಾಯಿ, ಚಾಚಾನ ಮಾತಿನಲ್ಲಿ ‘ಆಚಾರ’, ಹಾಕಿದರೆ ವರ್ಷ ಕಳೆದರೂ ಹೋಳು ಮೆತ್ತಗಾಗುತ್ತಿರಲಿಲ್ಲ. ತೆಂಗಳಿಯ ಹೆಂಗಸರು ಪ್ರತಿ ಬೇಸಿಗೆ ಆ ಕಾಯಿಗೆಂದೇ ಬರುತ್ತಿದ್ದರು. ಇಲಾಖೆಯ ಪಟ್ಟಿಯಲ್ಲಿ ಆ ತಳಿ ಇರಲಿಲ್ಲ, ಹಾಗಾಗಿ ಅದರ ಕಸಿ ಮಾರುತ್ತಿರಲಿಲ್ಲ. ಹದಿನೇಳನೆಯದು ತದ್ವಿರುದ್ಧ. ನಾಲ್ಕು ವರ್ಷ ಅದರ ಕಾಯಿಯ ಫೋಲ್ಡರ್ ಖಾಲಿ.

ಒಂದು ಮಳೆಗಾಲ ದೊಡ್ಡವರೊಬ್ಬರು ನೋಡಲು ಬರುತ್ತಾರೆಂದು ಸಸ್ಯಕ್ಷೇತ್ರವನ್ನು ತೊಳೆದು ಬಳಿದರು. ಆ ವಾರ ನಾನು ಚಿಂಚೋಳಿ ಕಡೆ ಫೋಟೋ ಕೆಲಸದಲ್ಲಿದ್ದೆ, ಚಾಚಾ ಜ್ವರ ಬಂದು ಮನೆಯಲ್ಲಿದ್ದರು. ದಿನಗೂಲಿಗೆ ಬಂದ ಹೊಸಬರು ಇಪ್ಪತ್ತೂ ಫರ್ಸಿಗಳನ್ನು ಒಂದೆಡೆ ತಂದು, ತೊಳೆದು, ನಂಬರ್ ಮೇಲೆ ಹೊಸ ಬಣ್ಣ ತೀಡಿ, ಸಾಲಾಗಿ ವಾಪಸ್ ಇಟ್ಟರು. ಬರುವವರು ಗೇಟಿನಿಂದ ಬರುತ್ತಾರಲ್ಲ, ಅದಕ್ಕೆ ಗೇಟಿನಿಂದಲೇ ಒಂದು, ಎರಡು ಎಂದು ಇಟ್ಟರು. ಸಾಲು ತಿರುಗಿಬಿಟ್ಟಿತು. ನಾಲ್ಕರ ಬುಡಕ್ಕೆ ಹದಿನೇಳು, ಹದಿನೇಳರ ಬುಡಕ್ಕೆ ನಾಲ್ಕು. ನಾನು ಬಂದು ಹೊಳೆಯುವ ನಂಬರುಗಳನ್ನು ನೋಡಿ ಸಂತೋಷಪಟ್ಟೆ.

ಚಳಿಗಾಲ ಬಂತು. ಎಳೆ ಸಸಿಗಳಿಗೆ ನೆರಳುಮನೆ ಕಟ್ಟಲು ಜಾಗ ಬೇಕು, ಕೆಲಸಕ್ಕೆ ಬಾರದ ಒಂದು ತಾಯಿಮರ ತೆಗೆಯೋಣ, ಯಾವುದು ಹೇಳಿ ಎಂದರು ಸಾಹೇಬರು. ನಾನು ಹಿಂದೆಮುಂದೆ ನೋಡಲಿಲ್ಲ. “ಹದಿನೇಳು ಸರ್” ಎಂದು ನಾಲ್ಕು ವರ್ಷದ ಖಾಲಿ ಫೋಲ್ಡರ್ ತೆರೆದು ತೋರಿಸಿದೆ. ದಾಖಲೆ ಅಂದರೆ ಹೀಗಿರಬೇಕು ಎಂದರು. ಮರದಲ್ಲಿ ಆಗ ಹೂವೂ ಇಲ್ಲ, ಕಾಯಿಯೂ ಇಲ್ಲ. ಹೊರಗಿನವರಿಗೆ ಎಲ್ಲ ಮರಗಳೂ ಒಂದೇ.

ಕಡಿಯುವ ಹಿಂದಿನ ದಿನ ಚಾಚಾ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

“ಅಕ್ಕಾರ, ಬುಡಕ್ಕ ಸುಣ್ಣದ ಗೆರಿ ಹೊಡದಾರ. ಅದು ಆಚಾರದ ಗಿಡರಿ. ನಮ್ಮ ಅಬ್ಬಾ ಹಚ್ಚಿದ್ದು. ತಪ್ಪಾಗ್ಯಾದ ಏನೋ, ನೋಡ್ರಿ.”

“ಚಾಚಾ, ಆಚಾರದ್ದು ನಾಕು. ಕಡಿಯೋದು ಹದಿನೇಳು. ಇಲ್ಲಿ ನೋಡ್ರಿ” ಎಂದು ಪರದೆ ತಿರುಗಿಸಿದೆ. ಬಿಳಿ ಬಟ್ಟೆ, ಎಲೆ, ಕೆಳಗೆ ಹದಿನೇಳನೇ ಫರ್ಸಿ.

“ನಂಬರ್ ನನಗ ಗೊತ್ತಾಗಂಗಿಲ್ಲರಿ. ಗಿಡ ಗೊತ್ತಾಗ್ತದ.”

“ಫೋಟೋ ಸುಳ್ಳು ಹೇಳತದೇನ್ರಿ ಚಾಚಾ?”

ಅವರು “ನೀವು ಓದಿದವರಿದ್ದೀರಿ” ಎಂದು ಹೊರಟುಹೋದರು. ನನ್ನ ಕುರ್ಚಿಯಿಂದ ಆ ಮರಕ್ಕೆ ಇನ್ನೂರು ಹೆಜ್ಜೆ. ಎದ್ದು ಹೋಗಿ ನೋಡಲಿಲ್ಲ. ಇಷ್ಟು ವರ್ಷವಾದರೂ ಆ ಇನ್ನೂರು ಹೆಜ್ಜೆ ನನ್ನನ್ನು ಬಿಟ್ಟಿಲ್ಲ.

ಮರುದಿನ ಮರ ಉರುಳಿತು. ಅದರ ಮರುದಿನ ಬೆಳಗ್ಗೆ ಚಾಚಾ ಎದುರಾಗಿ “ನಮಸ್ಕಾರ ಮೇಡಂ” ಎಂದರು. ಮುನಿಸಿಕೊಂಡಿದ್ದಾರೆ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ.

ಬೇಸಿಗೆ ಬಂತು. ತೆಂಗಳಿಯ ಹೆಂಗಸರು ಚೀಲ ಹಿಡಿದು ಬಂದರು. ನಾನೇ ಜಂಬದಿಂದ ಅವರನ್ನು ನಾಲ್ಕನೇ ಫರ್ಸಿಯ ಮರದ ಹತ್ತಿರ ಕರೆದುಕೊಂಡು ಹೋದೆ. ತಲೆ ಎತ್ತಿ ನೋಡಿದರೆ ಒಂದು ಕಾಯಿ ಇಲ್ಲ. “ಈ ಗಿಡ ಅಲ್ರೀ ಬಾಯಿ, ನಾವು ಒಯ್ಯೋದು ಟಾಕಿ ಬಾಜೂಕಿನ ಗಿಡದ್ದು” ಎಂದಳು ಒಬ್ಬಾಕೆ. ಟಾಕಿಯ ಪಕ್ಕ ಬುಡ ಮಾತ್ರ ಉಳಿದಿತ್ತು.

ಓಡಿ ಬಂದು ಕಂಪ್ಯೂಟರ್ ತೆರೆದೆ. ನಾಲ್ಕರ ಫೋಟೋಗಳಲ್ಲಿ ಎಲೆ, ಕಾಯಿ, ಬಿಳಿ ಬಟ್ಟೆ. ಎಲ್ಲಿ ನಿಂತು ತೆಗೆದದ್ದು ಎಂದು ತಿಳಿಯಲು ಒಂದು ಗುರುತೂ ಇಲ್ಲ. ಆಗ ‘ಬೇಡದವು’ ನೆನಪಾಯಿತು. ಅಲ್ಲಿತ್ತು, ನಾಲ್ಕನೇ ಫರ್ಸಿ. ಅದರ ಹಿಂದೆ ಗಂಟುಬಿದ್ದ ಕಾಂಡ, ಕಾಂಡದ ಹಿಂದೆ ನೀರಿನ ಟಾಕಿ, ಪಕ್ಕದಲ್ಲಿ ನಗುತ್ತಿರುವ ಚಾಚಾ. ಬಾವಿಯಿಂದ ನಾಲ್ಕನೆಯ ಮರ. ಒಳ್ಳೆಯ ಮರವನ್ನು ನಾನೇ ಕಡಿಸಿದ್ದೆ. ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಹೇಳಲು ನಾಚಿಕೆಯಿಲ್ಲ.

ಸಾಹೇಬರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಅವರು ಓದಿ, ಮಡಚಿ ವಾಪಸ್ ಕೊಟ್ಟರು. “ಪಟ್ಟಿಯೊಳಗ ಇಲ್ಲದ ಗಿಡ. ಯಾರೂ ಕೇಳಂಗಿಲ್ಲ, ಬಿಡ್ರಿ” ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಕೇಳುವವರು ಇದ್ದರು, ದಿನಾ ಬೆಳಗ್ಗೆ ನನಗೆ ನಮಸ್ಕಾರ ಮೇಡಂ ಎನ್ನುತ್ತಿದ್ದರು.

ಚಾಚಾನ ಹತ್ತಿರ ಹೋಗಿ ಇದ್ದದ್ದು ಹೇಳಿದೆ. ಫರ್ಸಿ ತಿರುಗಿದ್ದು, ನಾನು ಎದ್ದು ಬಂದು ನೋಡದಿದ್ದದ್ದು, ಎಲ್ಲ. ಅವರು ಕೈಲಿದ್ದ ಚಾಕು ಒರೆಸುತ್ತ ಕೇಳಿಸಿಕೊಂಡರು. “ಆಯ್ತು ಬಿಡ್ರಿ ಮೇಡಂ” ಎಂದರು. ಆ ವರ್ಷ ಮುಗಿದರೆ ಅವರು ನಿವೃತ್ತರು. ತಂದೆಯ ಮರವಿಲ್ಲದ ಸಸ್ಯಕ್ಷೇತ್ರ ಬಿಟ್ಟು ಅವರು ಹೋಗುವುದನ್ನು ನಾನು ನೋಡಲಾರೆ ಎನಿಸಿತು.

“ಚಾಚಾ, ಅದರ ಕಸಿ ಯಾರಿಗೂ ಕಟ್ಟಿಕೊಟ್ಟಿಲ್ಲೇನ್ರಿ?”

“ಬಂದು ಭಾಳ ಕಾಡಿದವರಿಗಿ ಒಂದೆರಡು ಕೊಟ್ಟೀನಿ. ಯಾರಂತ ಯಾರಿಗಿ ನೆನಪದ?”

ನನಗೂ ನೆನಪಿರಲಿಲ್ಲ. ಆದರೆ ಮೊದಮೊದಲು ಕ್ಯಾಮೆರಾ ಹಿಡಿದುಕೊಂಡು ಕಂಡದ್ದೆಲ್ಲ ತೆಗೆಯುತ್ತಿದ್ದೆನಲ್ಲ. ಅವರನ್ನು ಕೋಣೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ದಿನಾ ಊಟದ ಬಿಡುವಿನಲ್ಲಿ ‘ಬೇಡದವು’ ಒಂದೊಂದಾಗಿ ನೋಡುತ್ತ ಹೋದೆವು. ಚಾಚಾ ಮಾತು ಕಡಿಮೆ ಆಡುತ್ತಿದ್ದರು, ಆದರೆ ಯಾವ ಮೂಲೆಯಲ್ಲಿ ಯಾವ ಕೊಂಬೆ ಕಂಡರೂ ಅದು ಎಲ್ಲಿಯದು ಎಂದು ಹೇಳುತ್ತಿದ್ದರು. ನಾನು ಆಗ ಕಲಿತೆ. ಒಂಬತ್ತನೇ ದಿನ ಅವರ ಬೆರಳು ಪರದೆಗೆ ತಾಗಿತು.

ಆ ಫೋಟೋದಲ್ಲಿ ಒಬ್ಬ ಹೆಂಗಸು ಕಸಿಗಿಡದ ಕಪ್ಪು ಚೀಲವನ್ನು ಕೂಸಿನಂತೆ ಎತ್ತಿಕೊಂಡು ನಿಂತಿದ್ದಳು. ಹಿಂದೆ ಅದೇ ಗಂಟಿನ ಕಾಂಡ. “ಇಕಿಗಿ ಕೊಟ್ಟೀನಿ. ಬಸ್ ಬದ್ಲಿ ಮಾಡ್ಕೊಂತ ಬಂದಿದ್ಳು, ಪಾಪ” ಎಂದರು. ಅವಳ ಹೆಸರಿಲ್ಲ, ಊರಿಲ್ಲ. ಫೋಟೋ ಹಿಗ್ಗಿಸಿದೆ. ಹೆಗಲಿನ ಕೈಚೀಲದ ಮೇಲೆ ಚಿಂಚೋಳಿಯ ಒಂದು ಬಟ್ಟೆ ಅಂಗಡಿಯ ಹೆಸರು ಅರ್ಧ ಕಾಣುತ್ತಿತ್ತು.

ಆ ಭಾನುವಾರ ಇಬ್ಬರೂ ಸೇಡಂನಿಂದ ಚಿಂಚೋಳಿಗೆ ಬಸ್ ಹತ್ತಿದೆವು. ಅಂಗಡಿಯವರಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. “ಇಕಿ ಐನಾಪುರದ ನಾಗಮ್ಮ ಅಲ್ಲೇನ್ರಿ. ಬಾಣಂತನ ಮಾಡ್ತಾಳ. ಅರ್ಧ ತಾಲೂಕಿನ ಕೂಸುಗಳು ಇಕಿ ಕೈಯಾಗ ಹುಟ್ಯಾವ” ಎಂದರು. ಎರಡೇ ನಿಮಿಷದ ಕೆಲಸ. ಬಿಳಿ ಬಟ್ಟೆ ಹಿಡಿದಿದ್ದರೆ ಆ ಕೈಚೀಲ ಇರುತ್ತಿರಲಿಲ್ಲ.

ಐನಾಪುರದಲ್ಲಿ ನಾಗಮ್ಮನ ಮನೆ ಹಿತ್ತಲಿಗೆ ಹೋದೆವು. ಮರ ಇತ್ತು, ಮಾಳಿಗೆ ಮುಟ್ಟುವಷ್ಟು ಎತ್ತರಕ್ಕೆ. ಮಳೆ ಶುರುವಾಗಿ ಕಾಯಿ ಮುಗಿದಿದ್ದವು. ಬರೀ ಎಲೆ ನೋಡಿ ಇದೇ ಎಂದು ಹೇಳುವ ಧೈರ್ಯ ನನಗಂತೂ ಉಳಿದಿರಲಿಲ್ಲ. ಚಾಚಾ ಕಾಂಡ ಸವರಿದರು, ಎಲೆ ಹಿಸುಕಿ ಮೂಸಿದರು, ಮತ್ತೊಂದು ಎಲೆ ಕಿತ್ತು ಮೂಸಿದರು.

ನಾಗಮ್ಮ ಒಳಗಿನಿಂದ ಭರಣಿ ತಂದಳು. “ಕಾಯಿ ಇಲ್ಲ, ಹೋದ ವರ್ಷದ ಉಪ್ಪಿನಕಾಯಿ ಅದ. ತಿಂದು ನೋಡ್ರಿ” ಎಂದು ಒಂದು ಹೋಳು ಚಾಚಾನ ಅಂಗೈಗೆ ಹಾಕಿದಳು. ಉಳಿದ ನಾಲ್ಕು ಹಲ್ಲುಗಳ ನಡುವೆ ಇಟ್ಟು ಚಾಚಾ ಕಚ್ಚಿದರು. ಕಟುಂ ಎಂಬ ಸದ್ದು ನನಗೂ ಕೇಳಿಸಿತು. ಅವರ ಕಣ್ಣು ತುಂಬಿ ಬಂತು.

“ಖಾರ ಹೆಚ್ಚಾಗ್ಯಾದೇನ್ರಿ ಚಾಚಾ?” ಎಂದಳು ನಾಗಮ್ಮ.

“ಇಲ್ಲವ್ವಾ, ಬರಾಬರಿ ಅದ.”

ಕಡ್ಡಿ ಬೇಕೆಂದು ಕೇಳಲು ನಾನು ಮಾತು ಹುಡುಕುತ್ತಿದ್ದೆ. ನಾಗಮ್ಮನೇ ಏಣಿ ತಂದು ಒರಗಿಸಿದಳು. “ಕೊಟ್ಟವರು ನೀವು. ಒಯ್ಯಾಕ ನಾನ್ಯಾಕ ಬ್ಯಾಡ ಅನ್ಲಿ” ಎಂದಳು. ಹನ್ನೆರಡು ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆವು. “ಕಿಟಕಿ ಮುಚ್ರಿ ಮೇಡಂ, ಗಾಳಿಗಿ ಒಣಗ್ತಾವ” ಎಂದರು ಚಾಚಾ. ಇನ್ನೂ ಮೇಡಮ್ಮೇ.

ಚಾಚಾ ಕಟ್ಟಿದ ಹನ್ನೆರಡು ಕಸಿಗಳಲ್ಲಿ ಒಂಬತ್ತು ಹಿಡಿದವು. ನಾನು ಅಂದಿನಿಂದ ಸಂಗ್ರಹವನ್ನೆಲ್ಲ ಹೊಸದಾಗಿ ಜೋಡಿಸಿದೆ. ಪ್ರತಿ ಗಿಡಕ್ಕೆ ಬಿಳಿ ಬಟ್ಟೆಯ ಮುಂದೆ ಒಂದು ಫೋಟೋ, ದೂರ ನಿಂತು ಸುತ್ತಲಿನದೆಲ್ಲ ಬರುವಂತೆ ಇನ್ನೊಂದು, ಆ ಗಿಡ ಬಲ್ಲ ಮನುಷ್ಯರ ಜೊತೆ ಮತ್ತೊಂದು, ಅವರ ಹೆಸರು ಸಮೇತ. ಸಾಹೇಬರು ಗೊಣಗಿದರು, ಆದರೆ ತಡೆಯಲಿಲ್ಲ. ಅಫ್ರೀನ್, ಈಗ ನಿನ್ನ ಡಿಸ್ಕ್ ತುಂಬಿರುವುದು ಅದಕ್ಕೇ. ಹೊಸ ಡಿಸ್ಕ್ ಬೇಕೆಂದು ಬರೆದು ಕೇಳು, ಕೊಡದಿದ್ದರೆ ಮತ್ತೆ ಬರೆ.

‘ಬೇಡದವು’ ಎಂಬ ಹೆಸರನ್ನು ಮಾತ್ರ ಬದಲಿಸಲಿಲ್ಲ. ಅದನ್ನು ನೋಡಿದಾಗಲೆಲ್ಲ ನನ್ನ ಕೊಂಬು ಒಂದಿಷ್ಟು ಇಳಿಯಲಿ ಎಂದು ಬಿಟ್ಟೆ.

ಚಾಚಾ ನಿವೃತ್ತರಾಗುವ ವಾರ, ಬಾವಿಯಿಂದ ನಾಲ್ಕನೆಯ ಜಾಗದ ಪಕ್ಕದಲ್ಲೇ, ನೆರಳುಮನೆಯ ಹೊರಗೆ, ಅತಿ ಚುರುಕಾಗಿದ್ದ ಕಸಿಯನ್ನು ನೆಟ್ಟರು. ಮಣ್ಣು ತುಳಿದು, ನೀರು ಹಾಕಿ, ಸೊಂಟ ಹಿಡಿದು ಎದ್ದು ನಿಂತರು. ಮೂಲೆಯಲ್ಲಿ ಆ ಹದಿನೇಳನೇ ಫರ್ಸಿ ಬಿದ್ದಿತ್ತು. ನಾನು ಹಿಂಜರಿಯುತ್ತಲೇ ಕೇಳಿದೆ, “ಚಾಚಾ, ಇದನ್ನ ಇಲ್ಲಿ ಇಡೋದೋ ಬ್ಯಾಡೋ?”

ಅವರು ಫರ್ಸಿ ಎತ್ತಿ ತಂದು, ನಂಬರ್ ಕೆಳಗೆ ಮಾಡಿ, ಸಸಿಯ ಪಕ್ಕ ನೆಲಕ್ಕೆ ಹಾಸಿದರು. ಮೇಲಿನ ಮಣ್ಣು ಅಂಗೈಯಿಂದ ಒರೆಸಿದರು.

“ಇರ್ಲಿ ಅಕ್ಕಾರ” ಎಂದರು. “ನಾಳಿ ನಾ ಗಿಡ ನೋಡಾಕ ಬಂದ್ರ ಕುಂದರಾಕ ಬೇಕಾಗ್ತದ.”